ಮನೆಯಲ್ಲಿ ಹುಟ್ಟಿದ ಹಾಡು

ಪಾಠ ಪ್ರವೇಶ

ಹಾಡು ಕಟ್ಟಲು ದೊಡ್ಡ ವೇದಿಕೆ ಬೇಕೆಂದಿಲ್ಲ. ಬೆಲೆಬಾಳುವ ವಾದ್ಯಗಳೂ ಬೇಕೆಂದಿಲ್ಲ. ಅಮೆರಿಕದ ಒಬ್ಬ ಬಡ ಹುಡುಗಿ ತನ್ನ ಮನೆಯಲ್ಲಿ ಕಟ್ಟಿದ ಹಾಡು ಸಮುದ್ರ ದಾಟಿ ಹೋಯಿತು. ಆದರೆ ಹಾಡು ಕಟ್ಟಿದವಳ ಹೆಸರು ಹಿಂದೆಯೇ ಉಳಿಯಿತು. ಆ ಹೆಸರು ಮರಳಿ ಬಂದದ್ದು ಹೇಗೆ? ಇಂದು 'ಇಂಡೀ ಫೋಕ್' ಎಂದು ಕರೆಯುವ ಸಂಗೀತದ ಬೇರು ಎಲ್ಲಿದೆ? ಈ ಪಾಠದಲ್ಲಿ ತಿಳಿಯೋಣ.

ಹಾಡು ಯಾರದು?

ಮಕ್ಕಳೇ, ಬೀಸುವ ಕಲ್ಲಿನ ಮುಂದೆ ಕುಳಿತು ಹಾಡುವ ಪದಗಳನ್ನು ನಿಮ್ಮ ಅಜ್ಜಿಯ ಬಾಯಿಂದ ನೀವು ಕೇಳಿರಬಹುದು. ರಾಶಿ ಮಾಡುವಾಗ ಹಂತಿಯ ಪದ, ತೊಟ್ಟಿಲು ತೂಗುವಾಗ ಜೋಗುಳ, ಮದುವೆಯಲ್ಲಿ ಸೋಬಾನೆ ಪದ. ಈ ಹಾಡುಗಳನ್ನು ಮೊದಲು ಕಟ್ಟಿದವರು ಯಾರು? ಕೇಳಿದರೆ, "ನಮ್ಮ ಅವ್ವ ಹಾಡುತ್ತಿದ್ದಳು, ಅವಳ ಅವ್ವನೂ ಹಾಡುತ್ತಿದ್ದಳು" ಎಂಬ ಉತ್ತರವೇ ಬರುತ್ತದೆ. ಒಬ್ಬರು ಹಾಡಿದರು, ಇನ್ನೊಬ್ಬರು ಕೇಳಿ ಕಲಿತರು, ಮತ್ತೊಬ್ಬರು ಅದಕ್ಕೆ ಒಂದು ನುಡಿ ಸೇರಿಸಿದರು. ಹೀಗೆ ಬಾಯಿಂದ ಬಾಯಿಗೆ ಹರಿದುಬಂದ ಹಾಡೇ ಜನಪದ ಹಾಡು.

ಇಂಥ ಹಾಡುಗಳು ಎಲ್ಲ ದೇಶಗಳಲ್ಲಿಯೂ ಇವೆ. ಇಂಗ್ಲಿಷಿನಲ್ಲಿ ಜನಪದ ಸಂಗೀತಕ್ಕೆ 'ಫೋಕ್' ಎಂಬ ಹೆಸರಿದೆ. ಅಮೆರಿಕ, ಕೆನಡಾ, ಬ್ರಿಟನ್ ದೇಶಗಳಲ್ಲಿ 1990ರ ದಶಕದಲ್ಲಿ ಒಂದು ಹೊಸ ಬಗೆಯ ಸಂಗೀತ ಬೆಳೆಯಿತು. ಅದಕ್ಕೆ 'ಇಂಡೀ ಫೋಕ್' ಎಂಬ ಹೆಸರು ಬಂದಿತು. 'ಇಂಡೀ' ಎಂದೊಡನೆ ನಿಮಗೆ ವಿಜಯಪುರ ಜಿಲ್ಲೆಯ ಇಂಡಿ ಊರು ನೆನಪಾಗಬಹುದು. ಆ ಊರಿಗೂ ಈ ಸಂಗೀತಕ್ಕೂ ಸಂಬಂಧವಿಲ್ಲ. 'ಇಂಡಿಪೆಂಡೆಂಟ್' ಎಂದರೆ ಸ್ವತಂತ್ರ. ಆ ಪದದ ಮೊಟಕು ರೂಪವೇ 'ಇಂಡೀ'. ದೊಡ್ಡ ಕಂಪನಿಗಳ ಅಪ್ಪಣೆಗೆ ಕಾಯದೆ, ತಮ್ಮ ಹಾಡನ್ನು ತಾವೇ ಕಟ್ಟಿ, ತಾವೇ ಧ್ವನಿಮುದ್ರಿಸಿ, ಸಣ್ಣ ಸಂಸ್ಥೆಗಳ ಮೂಲಕ ಜನರಿಗೆ ಮುಟ್ಟಿಸುವ ಹಾಡುಗಾರರ ಸಂಗೀತವಿದು. ಇದರ ಹೆಸರು ಹೊಸದು, ಬೇರು ಮಾತ್ರ ಹಳೆಯದು. ಆ ಬೇರನ್ನು ಹುಡುಕಿಕೊಂಡು ನಾವು ನೂರು ವರ್ಷಗಳಿಗಿಂತಲೂ ಹಿಂದಿನ ಅಮೆರಿಕಕ್ಕೆ ಹೋಗೋಣ.

ಎರಡು ನಾಡಿನ ಹಾಡುಗಳು

ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್‌ಗಳಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಜನರು ತಮ್ಮ ಕಥನಗೀತೆಗಳನ್ನೂ ಜೊತೆಗೆ ಒಯ್ದರು. ರಾಜ-ರಾಣಿಯರ ಕಥೆ, ಹಡಗು ಮುಳುಗಿದ ಕಥೆ, ಪ್ರೀತಿ-ವಿರಹದ ಕಥೆ ಆ ಹಾಡುಗಳಲ್ಲಿದ್ದವು. ಇಂಗ್ಲೆಂಡಿನ ಸೆಸಿಲ್ ಶಾರ್ಪ್ ಎಂಬ ವಿದ್ವಾಂಸರು 1916ರಿಂದ 1918ರವರೆಗೆ ಅಮೆರಿಕದ ಅಪಲೇಶಿಯನ್ ಬೆಟ್ಟಗಳಲ್ಲಿ ತಿರುಗಾಡಿದರು. ತಮ್ಮ ದೇಶದ ಹಳೆಯ ಹಾಡುಗಳು ಅಲ್ಲಿನ ರೈತರ ಬಾಯಲ್ಲಿ ಉಳಿದಿರುವುದನ್ನು ಕಂಡು ಬರೆದುಕೊಂಡರು.

ಇನ್ನೊಂದು ಕಡೆ, ಆಫ್ರಿಕದಿಂದ ಲಕ್ಷಾಂತರ ಜನರನ್ನು ಹಿಡಿದು ತಂದು ಅಮೆರಿಕದಲ್ಲಿ ಗುಲಾಮರನ್ನಾಗಿ ದುಡಿಸಿಕೊಂಡರು. ಅವರು ಮನೆ-ಮಾರು, ನೆಲ-ಜಲ ಎಲ್ಲವನ್ನೂ ಕಳೆದುಕೊಂಡರು. ಆದರೆ ಅವರ ಹಾಡನ್ನು ಯಾರೂ ಕಸಿದುಕೊಳ್ಳಲಾಗಲಿಲ್ಲ. ನಮ್ಮಲ್ಲಿ ಏಕತಾರಿ, ತಂಬೂರಿಗಳನ್ನು ಸೋರೆ ಬುರುಡೆಯಿಂದ ಮಾಡುವಂತೆ, ಅವರೂ ಬುರುಡೆಗೆ ಚರ್ಮ ಬಿಗಿದು ತಂತಿ ಕಟ್ಟಿ ವಾದ್ಯ ಮಾಡಿಕೊಂಡರು. ಅದೇ ಮುಂದೆ 'ಬಾಂಜೊ' ಎಂಬ ವಾದ್ಯವಾಯಿತು. ಅಮೆರಿಕದಲ್ಲಿ ಗುಲಾಮಗಿರಿ 1865ರಲ್ಲಿ ಕಾನೂನಿನಿಂದ ಕೊನೆಗೊಂಡಿತು. ಆದರೂ ಕಪ್ಪು ಜನರ ಕಷ್ಟ ಮುಗಿಯಲಿಲ್ಲ. ದಕ್ಷಿಣದ ರಾಜ್ಯಗಳಲ್ಲಿ ಅವರಿಗೆ ಬೇರೆ ಶಾಲೆ, ರೈಲಿನಲ್ಲಿ ಬೇರೆ ಡಬ್ಬಿ ಎಂಬ ಕಟ್ಟಳೆಗಳು ಬಹುಕಾಲ ಇದ್ದವು.

ಈ ಎರಡು ನಾಡಿನ ಹಾಡುಗಳು ಅಮೆರಿಕದ ಹೊಲಗಳಲ್ಲಿ, ಚರ್ಚುಗಳಲ್ಲಿ, ಮನೆಯಂಗಳಗಳಲ್ಲಿ ಒಂದಕ್ಕೊಂದು ಬೆರೆತವು. ಅಲ್ಲಿಯ ಜನಪದ ಸಂಗೀತ ಹೀಗೆ ಬೆಳೆಯಿತು.

ಎಡಗೈಯ ಹುಡುಗಿ

ಉತ್ತರ ಕ್ಯಾರೊಲೈನಾ ರಾಜ್ಯದಲ್ಲಿ ಕಾರ್‌ಬರೊ ಎಂಬ ಊರಿದೆ. ಅಲ್ಲಿಯ ಒಂದು ಕಪ್ಪು ಕುಟುಂಬದಲ್ಲಿ 1893ರಲ್ಲಿ ಒಂದು ಹೆಣ್ಣುಮಗು ಹುಟ್ಟಿತು. ಐವರು ಮಕ್ಕಳಲ್ಲಿ ಅವಳೇ ಕಿರಿಯಳು. ಮನೆಯಲ್ಲಿ ಎಲ್ಲರೂ ಅವಳನ್ನು 'ಪುಟ್ಟ ತಂಗಿ' ಎಂಬ ಅರ್ಥ ಬರುವಂತೆ ಕರೆಯುತ್ತಿದ್ದರು. ಶಾಲೆಗೆ ಹೋದ ಮೊದಲ ದಿನ ಶಿಕ್ಷಕರು, "ನಿನ್ನ ಹೆಸರೇನು?" ಎಂದು ಕೇಳಿದರು. ಹುಡುಗಿ ತಾನೇ ಒಂದು ಹೆಸರು ಆರಿಸಿಕೊಂಡು, "ಎಲಿಜಬೆತ್" ಎಂದಳು. ಅಂದಿನಿಂದ ಅದೇ ಅವಳ ಹೆಸರಾಯಿತು.

ಎಲಿಜಬೆತ್‌ಳ ಅಣ್ಣನ ಬಳಿ ಒಂದು ಬಾಂಜೊ ಇತ್ತು. ಅಣ್ಣ ಕೆಲಸಕ್ಕೆ ಹೋದೊಡನೆ ಅವಳು ಅದನ್ನು ಕದ್ದುಮುಚ್ಚಿ ಎತ್ತಿಕೊಂಡು ನುಡಿಸುತ್ತಿದ್ದಳು. ಕೆಲವೊಮ್ಮೆ ತಂತಿ ಕಡಿದುಹೋಗುತ್ತಿತ್ತು! ಅವಳದು ಎಡಗೈ ವಾಡಿಕೆ. ಬಾಂಜೊ ಮಾತ್ರ ಬಲಗೈಯವರಿಗಾಗಿ ಮಾಡಿದ್ದು. ಅಣ್ಣನ ವಾದ್ಯದ ತಂತಿಗಳನ್ನು ಬದಲಿಸಿ ಕಟ್ಟುವಂತೆಯೂ ಇರಲಿಲ್ಲ. ಆಗ ಅವಳು ಏನು ಮಾಡಿದಳು ಗೊತ್ತೇ? ವಾದ್ಯವನ್ನೇ ತಲೆಕೆಳಗಾಗಿ ಹಿಡಿದು ನುಡಿಸತೊಡಗಿದಳು.

ಬಡತನದಿಂದಾಗಿ ಎಲಿಜಬೆತ್ ಒಂಬತ್ತನೆಯ ವಯಸ್ಸಿಗೇ ಶಾಲೆ ಬಿಡಬೇಕಾಯಿತು. ಅವಳು ಪರರ ಮನೆಗಳಲ್ಲಿ ಕೆಲಸಕ್ಕೆ ನಿಂತಳು. ಕಸ ಗುಡಿಸಿ, ಪಾತ್ರೆ ತೊಳೆದು ಗಳಿಸಿದ ಹಣವನ್ನು ಕೂಡಿಸಿದಳು. ಆ ಹಣದಿಂದ 3.75 ಡಾಲರ್ ಬೆಲೆಯ ಒಂದು ಗಿಟಾರು ಮನೆಗೆ ಬಂದಿತು. ಗಿಟಾರನ್ನೂ ಅವಳು ತಲೆಕೆಳಗಾಗಿಯೇ ಹಿಡಿದಳು. ಸಾಮಾನ್ಯವಾಗಿ ಗಿಟಾರು ನುಡಿಸುವವರು ಹೆಬ್ಬೆರಳಿನಿಂದ ದಪ್ಪ ತಂತಿಗಳನ್ನು ಮೀಟಿ ತಗ್ಗಿನ ಸ್ವರ ಹೊರಡಿಸುತ್ತಾರೆ. ಉಳಿದ ಬೆರಳುಗಳಿಂದ ತೆಳು ತಂತಿಗಳ ಮೇಲೆ ಹಾಡಿನ ಧಾಟಿ ನುಡಿಸುತ್ತಾರೆ. ಎಲಿಜಬೆತ್‌ಳ ಕೈಯಲ್ಲಿ ಇದು ಅದಲು ಬದಲಾಯಿತು. ಹೆಬ್ಬೆರಳು ಧಾಟಿ ನುಡಿಸಿತು, ಬೆರಳುಗಳು ತಗ್ಗಿನ ಸ್ವರ ನುಡಿಸಿದವು. ಇದರಿಂದ ಬೇರೆ ಯಾರ ಗಿಟಾರಿನಲ್ಲಿಯೂ ಇಲ್ಲದ ಒಂದು ನಾದ ಹುಟ್ಟಿತು. ಕಲಿಸುವವರು ಇರಲಿಲ್ಲ, ತಿದ್ದುವವರೂ ಇರಲಿಲ್ಲ. ಆದ್ದರಿಂದಲೇ ಆ ನಾದ ಅವಳದೇ ಆಗಿ ಉಳಿಯಿತು.

ಅವಳ ಮನೆಯ ಹತ್ತಿರ ರೈಲು ಹಳಿ ಇತ್ತು. ಸರಕು ತುಂಬಿದ ಗೂಡ್ಸ್ ಗಾಡಿಗಳು ಹಗಲು-ರಾತ್ರಿ ಸದ್ದು ಮಾಡುತ್ತ ಓಡುತ್ತಿದ್ದವು. ಮಲಗಿದಾಗಲೂ ಆ ಸದ್ದು ಅವಳ ಕಿವಿಗೆ ಬೀಳುತ್ತಿತ್ತು. ಹನ್ನೊಂದು-ಹನ್ನೆರಡು ವರ್ಷದವಳಿದ್ದಾಗ ಎಲಿಜಬೆತ್ ಆ ಗಾಡಿಯ ಮೇಲೆಯೇ ಒಂದು ಹಾಡು ಕಟ್ಟಿದಳು. ಅದರ ಹೆಸರು 'ಫ್ರೈಟ್ ಟ್ರೇನ್', ಅಂದರೆ ಸರಕು ಗಾಡಿ. ಮಕ್ಕಳೇ, ಆಗ ಅವಳಿಗೆ ಹೆಚ್ಚು ಕಡಿಮೆ ನಿಮ್ಮದೇ ವಯಸ್ಸು!

ಗೋಡೆಯ ಮೇಲಿನ ಗಿಟಾರು

ಹದಿಹರೆಯದಲ್ಲಿಯೇ ಎಲಿಜಬೆತ್‌ಳ ಮದುವೆಯಾಯಿತು. ಫ್ರಾಂಕ್ ಕಾಟನ್ ಎಂಬವರ ಹೆಂಡತಿಯಾಗಿ ಅವರು ಎಲಿಜಬೆತ್ ಕಾಟನ್ ಆದರು. ಒಬ್ಬ ಮಗಳು ಹುಟ್ಟಿದಳು. ದೇವರ ಹಾಡು ಬಿಟ್ಟು ಬೇರೆ ಹಾಡು ಹಾಡಬಾರದೆಂದು ಚರ್ಚಿನ ಹಿರಿಯರು ಹೇಳಿದರು. ಮನೆಗೆಲಸ, ದುಡಿಮೆ, ಸಂಸಾರ ಇವುಗಳ ನಡುವೆ ಗಿಟಾರು ಮೂಲೆ ಸೇರಿತು. ಒಂದಲ್ಲ ಎರಡಲ್ಲ, ಹಲವು ದಶಕಗಳ ಕಾಲ ಅವರು ಗಿಟಾರು ನುಡಿಸಲಿಲ್ಲ.

ಮುಂದೆ ಅವರು ರಾಜಧಾನಿ ವಾಷಿಂಗ್ಟನ್ ನಗರಕ್ಕೆ ಬಂದು ಒಂದು ದೊಡ್ಡ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದರು. ಒಂದು ದಿನ ಆ ಅಂಗಡಿಯ ಜನಸಂದಣಿಯಲ್ಲಿ ಪೆಗ್ಗಿ ಎಂಬ ಹುಡುಗಿ ತಾಯಿಯಿಂದ ತಪ್ಪಿಸಿಕೊಂಡಳು. ಎಲಿಜಬೆತ್ ಅವಳನ್ನು ಸಮಾಧಾನಪಡಿಸಿ ತಾಯಿಯ ಬಳಿಗೆ ಮುಟ್ಟಿಸಿದರು. ಆ ತಾಯಿಯ ಹೆಸರು ರೂತ್ ಕ್ರಾಫರ್ಡ್ ಸೀಗರ್. ಆಕೆ ಸಂಗೀತ ರಚಿಸುವವರು, ಜನಪದ ಹಾಡುಗಳನ್ನು ಸ್ವರಲಿಪಿಯಲ್ಲಿ ಬರೆದಿಡುವವರು. ಪತಿ ಚಾರ್ಲ್ಸ್ ಸೀಗರ್ ಕೂಡ ಸಂಗೀತ ವಿದ್ವಾಂಸರು. ಈ ಪರಿಚಯದಿಂದ ಎಲಿಜಬೆತ್ ಅವರಿಗೆ ಸೀಗರ್ ಅವರ ಮನೆಯಲ್ಲಿ ಮನೆಗೆಲಸ ದೊರೆಯಿತು. ಮನೆಯ ಕಿರಿಯ ಮಗಳು ಪೆನ್ನಿ ಅವರನ್ನು ಪ್ರೀತಿಯಿಂದ 'ಲಿಬ್ಬಾ' ಎಂದು ಕರೆದಳು.

ಆ ಮನೆಯಲ್ಲಿ ಎಲ್ಲಿ ನೋಡಿದರೂ ಹಾಡು, ವಾದ್ಯ. ಗೋಡೆಯ ಮೇಲೆ ಒಂದು ಗಿಟಾರು ತೂಗುಹಾಕಿತ್ತು. ಕೆಲಸದ ನಡುವೆ ಬಿಡುವು ಸಿಕ್ಕಾಗ ಲಿಬ್ಬಾ ಅದನ್ನು ಇಳಿಸಿಕೊಂಡು ಮೆಲ್ಲಗೆ ನುಡಿಸತೊಡಗಿದರು. ಬೆರಳುಗಳು ಹಳೆಯ ದಾರಿಯನ್ನು ಮರೆತಿರಲಿಲ್ಲ. ಒಂದು ದಿನ ಪೆಗ್ಗಿ ಇದನ್ನು ಕೇಳಿ ಬೆರಗಾದಳು. ಅಡುಗೆ ಮಾಡುವ, ಮನೆ ಗುಡಿಸುವ ಲಿಬ್ಬಾ ಇಷ್ಟು ಚೆನ್ನಾಗಿ ನುಡಿಸುವುದು ಆ ಮನೆಯ ಸಂಗೀತ ವಿದ್ವಾಂಸರಿಗೂ ಅಲ್ಲಿಯವರೆಗೆ ತಿಳಿದಿರಲಿಲ್ಲ!

ಪೆಗ್ಗಿಯ ಅಣ್ಣ ಮೈಕ್ ಸೀಗರ್ ಒಂದು ಟೇಪ್ ರೆಕಾರ್ಡರ್ ತೆಗೆದುಕೊಂಡು ಲಿಬ್ಬಾ ಅವರ ಮನೆಗೇ ಹೋಗಿ ಹಾಡುಗಳನ್ನು ಧ್ವನಿಮುದ್ರಿಸಿದರು. ಮಲಗುವ ಹೊತ್ತು ಕಾಯುತ್ತ ಮೊಮ್ಮಕ್ಕಳು ಸದ್ದಿಲ್ಲದೆ ಕುಳಿತು ಕೇಳುತ್ತಿದ್ದರು. ಆ ಹಾಡುಗಳ ಧ್ವನಿತಟ್ಟೆ 1958ರಲ್ಲಿ ಹೊರಬಂದಿತು. ಲಿಬ್ಬಾ 1960ರಲ್ಲಿ ಮೈಕ್ ಜೊತೆ ಮೊದಲ ಸಾರ್ವಜನಿಕ ಕಛೇರಿ ನೀಡಿದರು. ಆಗ ಅವರ ವಯಸ್ಸು ಅರವತ್ತನ್ನು ದಾಟಿತ್ತು.

ಹಾಡು ಹೋಯಿತು, ಹೆಸರು ಉಳಿಯಿತು

ಅಷ್ಟರಲ್ಲಿ ಇನ್ನೊಂದು ಸಂಗತಿ ನಡೆದಿತ್ತು. ಬೆಳೆದು ದೊಡ್ಡವಳಾದ ಪೆಗ್ಗಿ 1956ರಲ್ಲಿ ಇಂಗ್ಲೆಂಡಿಗೆ ಹೋದಳು. ಲಿಬ್ಬಾರಿಂದ ಕಲಿತ 'ಫ್ರೈಟ್ ಟ್ರೇನ್' ಹಾಡನ್ನು ಅಲ್ಲಿ ಹಾಡಿದಳು. ಕೇಳಿದವರಿಗೆ ಅದು ಬಹಳ ಹಿಡಿಸಿತು. ಆ ದಿನಗಳಲ್ಲಿ ಇಂಗ್ಲೆಂಡಿನ ತರುಣರಲ್ಲಿ 'ಸ್ಕಿಫಲ್' ಎಂಬ ಸಂಗೀತದ ಹುಚ್ಚು ಹಬ್ಬಿತ್ತು. ಬಟ್ಟೆ ತಿಕ್ಕುವ ಹಲಗೆ, ಚಹಾ ತುಂಬುವ ಕಟ್ಟಿಗೆಯ ಪೆಟ್ಟಿಗೆ ಇಂಥ ಮನೆಸಾಮಾನುಗಳೇ ಅದರಲ್ಲಿ ವಾದ್ಯಗಳಾಗಿದ್ದವು. ಒಂದು ಸ್ಕಿಫಲ್ ತಂಡ ಈ ಹಾಡನ್ನು 1957ರಲ್ಲಿ ಹಾಡಿತು. ಅದು ಬ್ರಿಟನ್ನಿನ ಮೊದಲ ಹತ್ತು ಜನಪ್ರಿಯ ಹಾಡುಗಳಲ್ಲಿ ಒಂದಾಯಿತು.

ಆದರೆ ಆ ಹಾಡಿನ ಮೇಲೆ ಲಿಬ್ಬಾ ಅವರ ಹೆಸರಿರಲಿಲ್ಲ. ಬೇರೆಯವರು ಅದನ್ನು ತಮ್ಮದೆಂದು ದಾಖಲಿಸಿದ್ದರು. ಹಾಡಿನಿಂದ ಬಂದ ಹಣವೂ ಅವರಿಗೇ ಸೇರುತ್ತಿತ್ತು. ಹಾಡು ಕಟ್ಟಿದ ಲಿಬ್ಬಾ ಮಾತ್ರ ವಾಷಿಂಗ್ಟನ್ನಿನಲ್ಲಿ ಮನೆಗೆಲಸ ಮಾಡುತ್ತಲೇ ಇದ್ದರು.

ಇದು ಸರಿಯೇ? ಬಾಯಿಂದ ಬಾಯಿಗೆ ಹೋಗುವುದು ಜನಪದ ಹಾಡಿನ ಸ್ವಭಾವ, ನಿಜ. ಯಾರು ಬೇಕಾದರೂ ಹಾಡಬಹುದು. ಆದರೆ ಕಟ್ಟಿದವರು ಯಾರೆಂದು ಗೊತ್ತಿರುವಾಗ ಅವರ ಹೆಸರನ್ನು ಅಳಿಸಿ ತಮ್ಮ ಹೆಸರು ಬರೆದುಕೊಳ್ಳುವುದು ನ್ಯಾಯವಲ್ಲ. ಸೀಗರ್ ಮನೆಯವರು ಲಿಬ್ಬಾ ಅವರ ಪರವಾಗಿ ನಿಂತರು. ಬಹಳ ಪ್ರಯತ್ನದ ನಂತರ 'ಫ್ರೈಟ್ ಟ್ರೇನ್' ಹಾಡಿನ ಹಕ್ಕಿನಲ್ಲಿ ಲಿಬ್ಬಾ ಅವರಿಗೂ ಪಾಲು ದೊರೆಯಿತು. ಹಾಡಿಗೆ ಅವರ ಹೆಸರು ಸೇರಿತು. ಚಿಕ್ಕಂದಿನಲ್ಲಿ ತಾನೇ ಆರಿಸಿಕೊಂಡ ಹೆಸರು ಕೊನೆಗೂ ತಾನು ಕಟ್ಟಿದ ಹಾಡಿನೊಡನೆ ಕೂಡಿತು.

ಲಿಬ್ಬಾ ಹೊಸ ಹಾಡುಗಳನ್ನೂ ಕಟ್ಟಿದರು. 'ಶೇಕ್ ಶುಗರಿ' ಎಂಬ ಹಾಡಿನ ಧಾಟಿ ಅವರದು. ಅದರ ನುಡಿಗಳನ್ನು ಅವರ ಮರಿಮೊಮ್ಮಕ್ಕಳು ಸೇರಿಸಿದರು. ಧ್ವನಿಮುದ್ರಣದಲ್ಲಿ ಅದನ್ನು ಹಾಡಿದವಳು ಹನ್ನೆರಡು ವರ್ಷದ ಮರಿಮೊಮ್ಮಗಳು! ಹಾಡುಗಳಿಂದ ಬಂದ ಹಣದಲ್ಲಿ ಲಿಬ್ಬಾ 1978ರಲ್ಲಿ ಸಿರಕ್ಯೂಸ್ ಎಂಬ ಊರಿನಲ್ಲಿ ಸ್ವಂತ ಮನೆ ಕೊಂಡರು. ಅಮೆರಿಕ ಸರ್ಕಾರದ ರಾಷ್ಟ್ರೀಯ ಪರಂಪರೆ ಗೌರವ 1984ರಲ್ಲಿಯೂ, ಹೆಸರಾಂತ ಗ್ರ್ಯಾಮಿ ಪ್ರಶಸ್ತಿ 1985ರಲ್ಲಿಯೂ ಅವರಿಗೆ ದೊರೆತವು. ಅವರು 1987ರಲ್ಲಿ ತೀರಿಕೊಂಡರು. ಈಗ ಕಾರ್‌ಬರೊ ಊರಿನಲ್ಲಿ ರೈಲು ಹಳಿಯ ಪಕ್ಕದ ಸೈಕಲ್ ದಾರಿಗೆ ಲಿಬ್ಬಾ ಕಾಟನ್ ಅವರ ಹೆಸರಿದೆ.

ಸಣ್ಣ ಸಂಸ್ಥೆಯ ದೊಡ್ಡ ಕೆಲಸ

ಲಿಬ್ಬಾ ಅವರ ಧ್ವನಿತಟ್ಟೆಯನ್ನು ಹೊರತಂದ ಸಂಸ್ಥೆಯ ಹೆಸರು 'ಫೋಕ್‌ವೇಸ್'. ಮೋಸೆಸ್ ಆ್ಯಶ್ ಎಂಬವರು 1948ರಲ್ಲಿ ನ್ಯೂಯಾರ್ಕಿನಲ್ಲಿ ಅದನ್ನು ಆರಂಭಿಸಿದರು. ಅದು ಸಣ್ಣ ಸಂಸ್ಥೆ. ದೊಡ್ಡ ಕಂಪನಿಗಳು 'ಯಾವ ಹಾಡು ಹೆಚ್ಚು ಮಾರಾಟವಾಗುತ್ತದೆ?' ಎಂದು ಲೆಕ್ಕ ಹಾಕುತ್ತಿದ್ದವು. ಆ್ಯಶ್ ಅವರು 'ಯಾವ ಹಾಡು ಉಳಿಯಬೇಕು?' ಎಂದು ಯೋಚಿಸಿದರು. ಕೂಲಿಗಾರರ ಹಾಡು, ಮಕ್ಕಳ ಹಾಡು, ಬೇರೆ ಬೇರೆ ದೇಶಗಳ ಜನಪದ ಹಾಡು, ಹಕ್ಕಿಗಳ ಕೂಗು, ಕಪ್ಪೆಗಳ ಸದ್ದು ಇವೆಲ್ಲವನ್ನೂ ಹೊರತಂದರು. ಅವರ ಕಾಲದಲ್ಲಿ 2,000ಕ್ಕೂ ಹೆಚ್ಚು ಧ್ವನಿತಟ್ಟೆಗಳು ಬಂದವು. ಕೆಲವು ಬಹಳ ಕಡಿಮೆ ಮಾರಾಟವಾದವು. ಆದರೂ ಯಾವುದನ್ನೂ ಅವರು ಪಟ್ಟಿಯಿಂದ ತೆಗೆಯಲಿಲ್ಲ. ಅವರು 1986ರಲ್ಲಿ ತೀರಿಕೊಂಡ ಮೇಲೆ ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆ ಆ ಎಲ್ಲ ಹಾಡುಗಳನ್ನು ಪಡೆದು ಕಾಪಾಡುತ್ತ ಬಂದಿದೆ.

ಫೋಕ್‌ವೇಸ್‌ನಂಥ ಸಂಸ್ಥೆಗಳು ಒಂದು ದಾರಿ ತೋರಿಸಿದವು. ದೊಡ್ಡ ಕಂಪನಿಯ ಹಂಗಿಲ್ಲದೆಯೂ ಹಾಡು ಜನರನ್ನು ಮುಟ್ಟಬಹುದು. 'ಇಂಡೀ' ಎಂಬ ಮಾತು ಬಳಕೆಗೆ ಬರುವ ಮೊದಲೇ ಇದು ನಡೆದಿತ್ತು.

ಯಂತ್ರ ಸಣ್ಣದಾಯಿತು

ಧ್ವನಿಮುದ್ರಿಸುವ ಯಂತ್ರದ ಕಥೆಯೂ ಸ್ವಾರಸ್ಯವಾಗಿದೆ. ಜಾನ್ ಲೋಮ್ಯಾಕ್ಸ್ ಮತ್ತು ಅವರ ಮಗ ಆಲನ್ 1933ರಲ್ಲಿ ಹಾಡು ಸಂಗ್ರಹಿಸಲು ಹೊರಟಾಗ ಕಾರಿನಲ್ಲಿ ಇಟ್ಟುಕೊಂಡ ಯಂತ್ರದ ತೂಕ ಸುಮಾರು 140 ಕಿಲೋ. ಅಂದರೆ ಒಂದೂವರೆ ಕ್ವಿಂಟಲಿಗೆ ಸ್ವಲ್ಪ ಕಡಿಮೆ! ಮೈಕ್ ಸೀಗರ್ ಅವರ ಕಾಲಕ್ಕೆ ಯಂತ್ರವನ್ನು ಹಾಡುಗಾರರ ಮನೆಗೆ ಒಯ್ಯುವಂತಾಯಿತು. ಜಪಾನಿನ ಟಿಯಾಕ್ ಸಂಸ್ಥೆ 1979ರಲ್ಲಿ ಕ್ಯಾಸೆಟ್ಟಿನಲ್ಲಿ ಧ್ವನಿಮುದ್ರಿಸುವ ಒಂದು ಪೆಟ್ಟಿಗೆಯನ್ನು ತಂದಿತು. ಅದರಲ್ಲಿ ನಾಲ್ಕು ಧ್ವನಿಗಳನ್ನು ಬೇರೆ ಬೇರೆಯಾಗಿ ಮುದ್ರಿಸಿ ಕೂಡಿಸಬಹುದಿತ್ತು. ಮೊದಲು ಗಿಟಾರು ನುಡಿಸುವುದು, ಅದನ್ನು ಕೇಳುತ್ತ ಹಾಡುವುದು, ಮತ್ತೆ ಅದಕ್ಕೆ ಇನ್ನೊಂದು ದನಿ ಸೇರಿಸುವುದು. ಹೀಗೆ ಒಬ್ಬನೇ ವ್ಯಕ್ತಿ ಒಂದು ಮೇಳದಂತೆ ಹಾಡಬಹುದಾಯಿತು. ಸ್ಟುಡಿಯೊ ಎಂಬುದು ಮನೆಯ ಮೇಜಿನ ಮೇಲೆ ಬಂದು ಕುಳಿತಿತು.

ಇದರಿಂದ ಹೊಸ ತಲೆಮಾರಿನ ಹಾಡುಗಾರರಿಗೆ ಅನುಕೂಲವಾಯಿತು. ಫ್ಲಾರಿಡಾ ರಾಜ್ಯದಲ್ಲಿದ್ದ ಸ್ಯಾಮ್ ಬೀಮ್ ಎಂಬ ಶಿಕ್ಷಕರು ಇಂಥದೇ ಪೆಟ್ಟಿಗೆಯಲ್ಲಿ ಮನೆಯಲ್ಲಿ ಕುಳಿತು ಮೆಲುದನಿಯ ಹಾಡುಗಳನ್ನು ಮುದ್ರಿಸಿದರು. 'ಐರನ್ ಆ್ಯಂಡ್ ವೈನ್' ಎಂಬ ಹೆಸರಿನಲ್ಲಿ ಅವು 2002ರಲ್ಲಿ ಹೊರಬಂದವು.

ಜಸ್ಟಿನ್ ವರ್ನನ್ ಎಂಬ ತರುಣನ ಕಥೆ ಇನ್ನೂ ಪ್ರಸಿದ್ಧವಾದದ್ದು. ಕಾಯಿಲೆಯಿಂದ ಬಳಲಿದ್ದ ಆತ 2006ರ ಚಳಿಗಾಲದಲ್ಲಿ ವಿಸ್ಕಾನ್ಸಿನ್ ರಾಜ್ಯದ ಕಾಡಿನಲ್ಲಿದ್ದ ತಂದೆಯ ಮರದ ಮನೆಗೆ ಹೋದನು. ಹೊರಗೆ ಹಿಮ. ಒಳಗೆ ಗಿಟಾರು ಮತ್ತು ಕೆಲವು ಸಾಧಾರಣ ಉಪಕರಣಗಳು. ಕಟ್ಟಿಗೆ ಒಡೆಯುತ್ತ, ಹಾಡು ಕಟ್ಟುತ್ತ ಸುಮಾರು ಮೂರು ತಿಂಗಳು ಕಳೆದನು. ಈ ಹೊತ್ತಿಗೆ ಕ್ಯಾಸೆಟ್ಟಿನ ಬದಲು ಕಂಪ್ಯೂಟರಿನಲ್ಲಿಯೇ ಧ್ವನಿ ಮುದ್ರಿಸಬಹುದಾಗಿತ್ತು. ತನ್ನ ದನಿಯನ್ನೇ ಮತ್ತೆ ಮತ್ತೆ ಕೂಡಿಸಿ ಹಲವರು ಹಾಡಿದಂತೆ ಮಾಡಿದನು. ಆ ಹಾಡುಗಳ 500 ಸಿ.ಡಿ.ಗಳನ್ನು 2007ರಲ್ಲಿ ತಾನೇ ಹೊರತಂದನು. ಮರುವರ್ಷ ಒಂದು ಸ್ವತಂತ್ರ ಸಂಸ್ಥೆ ಅವುಗಳನ್ನು ಎಲ್ಲೆಡೆ ಮುಟ್ಟಿಸಿತು. ಆತ ತನ್ನ ಸಂಗೀತಕ್ಕೆ ಇಟ್ಟ ಹೆಸರು 'ಬೋನ್ ಇವೇರ್'. ಫ್ರೆಂಚ್ ಭಾಷೆಯಲ್ಲಿ 'ಒಳ್ಳೆಯ ಚಳಿಗಾಲ' ಎಂದು ಹಾರೈಸುವ ಮಾತಿನಿಂದ ಈ ಹೆಸರು ಬಂದಿದೆ.

ಇಂಡೀ ಫೋಕ್‌ನ ಗುಣಗಳು

ಹಾಗಾದರೆ ಈ ಸಂಗೀತವನ್ನು ಗುರುತಿಸುವುದು ಹೇಗೆ?

ಮೊದಲನೆಯದಾಗಿ, ಇದರಲ್ಲಿ ವಾದ್ಯಗಳು ಕಡಿಮೆ. ಗಿಟಾರು, ಬಾಂಜೊ, ಪಿಟೀಲುಗಳಂಥ ತಂತಿವಾದ್ಯಗಳದೇ ಮುಖ್ಯ ಪಾತ್ರ. ಎರಡನೆಯದಾಗಿ, ಹಾಡುಗಾರರು ಪಕ್ಕದಲ್ಲಿ ಕುಳಿತು ಮಾತನಾಡಿದಂತೆ ಹಾಡುತ್ತಾರೆ. ಉಸಿರಾಡಿದ್ದು, ಕುರ್ಚಿ ಸರಿದದ್ದು ಕೂಡ ಕೆಲವೊಮ್ಮೆ ಕೇಳಿಸುತ್ತದೆ. ಅದನ್ನು ಅವರು ದೋಷವೆಂದು ಬಗೆಯುವುದಿಲ್ಲ. ಮೂರನೆಯದಾಗಿ, ಹಳೆಯ ಜನಪದ ಹಾಡಿನ ಧಾಟಿಯಿದ್ದರೂ ಮಾತುಗಳು ಹೊಸವು. ತಮ್ಮ ಊರು, ತಮ್ಮ ನೆನಪು, ತಮ್ಮ ಸುಖ-ದುಃಖ ಅದರಲ್ಲಿರುತ್ತವೆ. ನಾಲ್ಕನೆಯದಾಗಿ, ಹಾಡು ಹೇಗಿರಬೇಕೆಂದು ಹಾಡುಗಾರರೇ ತೀರ್ಮಾನಿಸುತ್ತಾರೆ.

ಹಳೆಯ ಜನಪದ ಹಾಡಿಗೂ ಇದಕ್ಕೂ ಒಂದು ವ್ಯತ್ಯಾಸವೂ ಇದೆ. ಜನಪದ ಹಾಡು ಊರಿನದು, ಎಲ್ಲರೂ ಕೂಡಿ ಬೆಳೆಸಿದ್ದು. ಇಂಡೀ ಫೋಕ್ ಹಾಡು ಹೆಚ್ಚಾಗಿ ಒಬ್ಬರು ಕಟ್ಟಿದ್ದು. ಅದರ ಮೇಲೆ ಅವರ ಹೆಸರಿರುತ್ತದೆ. ಆ ಹೆಸರಿನ ಬೆಲೆ ಎಷ್ಟೆಂಬುದನ್ನು ಲಿಬ್ಬಾ ಅವರ ಬದುಕಿನಿಂದ ನಾವು ತಿಳಿದೆವು.

ಇಂದು ಧ್ವನಿ ಮುದ್ರಿಸಲು 140 ಕಿಲೋ ತೂಕದ ಯಂತ್ರ ಬೇಕಿಲ್ಲ. ಅಂಗೈಯಲ್ಲಿರುವ ಮೊಬೈಲ್ ಫೋನಿನಲ್ಲಿಯೇ ಹಾಡನ್ನು ಹಿಡಿದಿಡಬಹುದು. ಯಂತ್ರ ಸುಲಭವಾಗಿ ಸಿಗುತ್ತದೆ. ಹಾಡು ಮಾತ್ರ ಈಗಲೂ ಮನುಷ್ಯರ ಬಾಯಿಂದಲೇ ಬರಬೇಕು. ನಮ್ಮ ಮನೆಯಲ್ಲಿ ಹಾಡುವವರು ಇದ್ದರೆ ಅವರ ಬಳಿ ಕುಳಿತು ಕೇಳೋಣ, ಕಲಿಯೋಣ. ಕಲಿತ ಹಾಡನ್ನು ಹಾಡುವಾಗ ಕಲಿಸಿದವರ ಹೆಸರನ್ನೂ ಹೇಳೋಣ.

ಶಬ್ದಾರ್ಥ

ಧ್ವನಿಮುದ್ರಿಸು - ಶಬ್ದವನ್ನು ಯಂತ್ರದಲ್ಲಿ ಹಿಡಿದಿಡು
ಧ್ವನಿತಟ್ಟೆ - ಹಾಡು ಮುದ್ರಿಸಿದ ತಟ್ಟೆ, ರೆಕಾರ್ಡು
ಕಥನಗೀತೆ - ಕಥೆ ಹೇಳುವ ಹಾಡು
ಧಾಟಿ - ಹಾಡಿನ ಮಟ್ಟು, ರೀತಿ
ನಾದ - ಇಂಪಾದ ಧ್ವನಿ
ಸ್ವರಲಿಪಿ - ಸಂಗೀತದ ಸ್ವರಗಳನ್ನು ಬರೆಯುವ ಲಿಪಿ
ಕಟ್ಟಳೆ - ನಿಯಮ
ಹಂಗು - ಋಣ, ಅಧೀನತೆ
ಪರಂಪರೆ - ಹಿಂದಿನಿಂದ ನಡೆದುಬಂದದ್ದು

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರ ಬರೆಯಿರಿ.
1. 'ಇಂಡೀ' ಎಂಬುದು ಯಾವ ಪದದ ಮೊಟಕು ರೂಪ?
2. ಎಲಿಜಬೆತ್ ಎಂಬ ಹೆಸರನ್ನು ಆರಿಸಿದವರು ಯಾರು?
3. ಎಲಿಜಬೆತ್‌ಳ ಗಿಟಾರಿನ ಬೆಲೆ ಎಷ್ಟಿತ್ತು?
4. ಫೋಕ್‌ವೇಸ್ ಸಂಸ್ಥೆಯನ್ನು ಯಾರು, ಯಾವ ವರ್ಷ ಆರಂಭಿಸಿದರು?
5. 'ಬೋನ್ ಇವೇರ್' ಎಂಬ ಹೆಸರು ಯಾವ ಹಾರೈಕೆಯಿಂದ ಬಂದಿದೆ?

ಆ) ಎರಡು-ಮೂರು ವಾಕ್ಯಗಳಲ್ಲಿ ಉತ್ತರ ಬರೆಯಿರಿ.
1. ಜನಪದ ಹಾಡು ಹೇಗೆ ಬೆಳೆಯುತ್ತದೆ?
2. ಎಲಿಜಬೆತ್ ವಾದ್ಯವನ್ನು ತಲೆಕೆಳಗಾಗಿ ಹಿಡಿದದ್ದು ಏಕೆ? ಅದರಿಂದ ಏನಾಯಿತು?
3. ಲಿಬ್ಬಾ ಅವರಿಗೆ ಸೀಗರ್ ಮನೆಯವರ ಪರಿಚಯ ಹೇಗಾಯಿತು?
4. ನಾಲ್ಕು ಧ್ವನಿಗಳನ್ನು ಕೂಡಿಸುವ ಪೆಟ್ಟಿಗೆಯಿಂದ ಹಾಡುಗಾರರಿಗೆ ಆದ ಅನುಕೂಲವೇನು?

ಇ) ಏಳೆಂಟು ವಾಕ್ಯಗಳಲ್ಲಿ ಉತ್ತರ ಬರೆಯಿರಿ.
1. 'ಫ್ರೈಟ್ ಟ್ರೇನ್' ಹಾಡು ಹುಟ್ಟಿದಂದಿನಿಂದ ಅದಕ್ಕೆ ಲಿಬ್ಬಾ ಅವರ ಹೆಸರು ಸೇರುವವರೆಗಿನ ಕಥೆಯನ್ನು ನಿಮ್ಮ ಮಾತುಗಳಲ್ಲಿ ಬರೆಯಿರಿ.
2. ಇಂಡೀ ಫೋಕ್ ಸಂಗೀತದ ಗುಣಗಳನ್ನು ವಿವರಿಸಿರಿ.

ಈ) ಬಿಟ್ಟ ಸ್ಥಳಗಳನ್ನು ತುಂಬಿರಿ.
1. ಬುರುಡೆಗೆ ಚರ್ಮ ಬಿಗಿದು ಮಾಡಿದ ವಾದ್ಯವೇ ಮುಂದೆ ________ ಆಯಿತು.
2. ಲಿಬ್ಬಾ ಅವರ ಹಾಡುಗಳನ್ನು ಅವರ ಮನೆಯಲ್ಲಿ ಧ್ವನಿಮುದ್ರಿಸಿದವರು ________.
3. ಜಾನ್ ಲೋಮ್ಯಾಕ್ಸ್ ಅವರ ಯಂತ್ರದ ತೂಕ ಸುಮಾರು ________ ಕಿಲೋ.

ಉ) ಯೋಚಿಸಿ ಹೇಳಿರಿ.
1. ಒಬ್ಬ ಗೆಳೆಯ ಬರೆದ ಕವಿತೆಯನ್ನು ಇನ್ನೊಬ್ಬನು ತನ್ನದೆಂದು ಶಾಲೆಯ ಭಿತ್ತಿಪತ್ರಿಕೆಯಲ್ಲಿ ಹಾಕಿದರೆ ನೀವು ಏನು ಮಾಡುವಿರಿ?
2. ಲಿಬ್ಬಾ ಅವರಿಗೆ ಹಲವು ದಶಕಗಳ ಕಾಲ ಗಿಟಾರು ನುಡಿಸಲು ಆಗಲಿಲ್ಲ. ಅದಕ್ಕೆ ಕಾರಣಗಳು ಯಾವುವು? ಅವು ಸರಿಯೆನಿಸುತ್ತವೆಯೇ?

ಭಾಷಾಭ್ಯಾಸ

ಅ) ಮಾದರಿಯಂತೆ ಬಿಡಿಸಿ ಬರೆಯಿರಿ.
ಮಾದರಿ: ಹೆಬ್ಬೆರಳು = ಹಿರಿದು + ಬೆರಳು
ಮೆಲುದನಿ, ಎಡಗೈ, ಚಳಿಗಾಲ, ಮನೆಗೆಲಸ

ಆ) ಕೆಳಗಿನ ನುಡಿಗಳನ್ನು ಸ್ವಂತ ವಾಕ್ಯಗಳಲ್ಲಿ ಬಳಸಿರಿ.
ಬಾಯಿಂದ ಬಾಯಿಗೆ, ಕದ್ದುಮುಚ್ಚಿ, ತಲೆಕೆಳಗಾಗು, ಮೂಲೆ ಸೇರು

ಇ) ವಿರುದ್ಧ ಪದಗಳನ್ನು ಬರೆಯಿರಿ.
ಸ್ವತಂತ್ರ, ನ್ಯಾಯ, ಸುಖ, ಕಿರಿಯ

ಉಪಕ್ರಮ

1. ನಿಮ್ಮ ಮನೆಯ ಅಥವಾ ಓಣಿಯ ಹಿರಿಯರಿಂದ ಒಂದು ಜನಪದ ಹಾಡನ್ನು ಕೇಳಿ ಬರೆದುಕೊಳ್ಳಿರಿ. ಹಾಡಿದವರ ಹೆಸರು, ಊರು, ಅವರು ಅದನ್ನು ಯಾರಿಂದ ಕಲಿತರು ಎಂಬುದನ್ನು ಹಾಡಿನ ಕೆಳಗೆ ತಪ್ಪದೆ ಬರೆಯಿರಿ.
2. ದಿನಾಲು ನಿಮ್ಮ ಕಿವಿಗೆ ಬೀಳುವ ಒಂದು ಸದ್ದನ್ನು ಆರಿಸಿಕೊಂಡು ನಾಲ್ಕು ಸಾಲಿನ ಹಾಡು ಕಟ್ಟಿರಿ. ಅದನ್ನು ವರ್ಗದಲ್ಲಿ ಹಾಡಿ ತೋರಿಸಿರಿ.